ಒಲೆ ಆರಿದ ಮೇಲೆ ಅಟ್ಟದಲ್ಲಿ ಏನಿಡಬೇಕು?

ಕಳೆದ ಮೇ ತಿಂಗಳು. ಕಾಸರಗೋಡಿನ ಬದಿಯಡ್ಕ ಕಡೆಯ ನಮ್ಮ ಹಳೆಮನೆಯಲ್ಲಿ ಮಳೆಗೆ ಮೊದಲು ಹಂಚು ಸರಿ ಮಾಡಿಸಬೇಕಿತ್ತು. ಅದಕ್ಕಾಗಿ ಅಟ್ಟ ಖಾಲಿ ಮಾಡುತ್ತಿದ್ದೆವು. ಒಂದು ರಟ್ಟಿನ ಪೆಟ್ಟಿಗೆಯಲ್ಲಿ ನನ್ನ ಕಾಲೇಜು ದಿನಗಳ ಶೂ ಸಿಕ್ಕಿತು. ಮೇಲ್ಭಾಗ ಹೊಸತರಂತೆಯೇ ಇತ್ತು. ಕೈಗೆತ್ತಿಕೊಂಡೆ, ಅಟ್ಟೆ ಹಳೆಯ ರೊಟ್ಟಿಯ ಹಾಗೆ ಪುಡಿಪುಡಿಯಾಗಿ ಉದುರಿತು. ಇಲಿ ಮುಟ್ಟಿರಲಿಲ್ಲ, ಒರಲೆಯೂ ಹಿಡಿದಿರಲಿಲ್ಲ.

ಕೆಳಗೆ ನಿಂತಿದ್ದ ದೊಡ್ಡಮ್ಮ, "ಮೊದಲೆಲ್ಲ ಅಟ್ಟದಲ್ಲಿ ಇಟ್ಟದ್ದು ಹಾಳಾಗ್ತಲೇ ಇರಲಿಲ್ಲ ಮಗಾ" ಎಂದರು. ಆ ಮಾತು ನನ್ನ ತಲೆಯಲ್ಲೇ ಉಳಿಯಿತು. ಅಟ್ಟ ಅದೇ, ಹಂಚು ಅದೇ, ಮಳೆಯೂ ಅದೇ. ಹಾಗಾದರೆ ಬದಲಾದದ್ದು ಏನು?

ಬದಲಾದದ್ದು ಅಟ್ಟದ ಕೆಳಗಿನ ಒಲೆ. ನಮ್ಮ ಅಟ್ಟ ಇರುವುದು ಅಡುಗೆಕೋಣೆಯ ಮೇಲೆ. ಮೊದಲು ಅಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಸೌದೆ ಒಲೆ ಉರಿಯುತ್ತಿತ್ತು. ಆಟಿ ತಿಂಗಳ ಮಳೆಯಲ್ಲಿ ಇಡೀ ಮನೆ ತಣ್ಣಗೆ ಒದ್ದೆಯಾಗಿದ್ದರೂ ಅಟ್ಟದ ಹಲಗೆ ಬೆಚ್ಚಗಿರುತ್ತಿತ್ತು. ಇದರ ಲೆಕ್ಕ ಸುಲಭ. ಬಿಸಿ ಗಾಳಿ ತಣ್ಣನೆಯ ಗಾಳಿಗಿಂತ ಜಾಸ್ತಿ ನೀರಾವಿ ಹಿಡಿದುಕೊಳ್ಳಬಲ್ಲದು. ಹಾಗೆ ಹಿಡಿಯಬಲ್ಲದ್ದರಲ್ಲಿ ಎಷ್ಟು ಪಾಲು ತುಂಬಿದೆ ಎಂಬುದೇ ತೇವಾಂಶ. 27 ಡಿಗ್ರಿಯಲ್ಲಿ ಶೇಕಡಾ 90 ತೇವಾಂಶವಿರುವ ಗಾಳಿಯನ್ನು 35 ಡಿಗ್ರಿಗೆ ಕಾಯಿಸಿ. ಅದರಲ್ಲಿರುವ ನೀರು ಒಂದು ಹನಿಯೂ ಕಡಿಮೆಯಾಗಿರುವುದಿಲ್ಲ, ಆದರೂ ತೇವಾಂಶ ಸುಮಾರು ಶೇಕಡಾ 57ಕ್ಕೆ ಇಳಿಯುತ್ತದೆ. ಬೂಸರು ಹಿಡಿಯಬೇಕಾದರೆ ಸಾಮಾನ್ಯವಾಗಿ ತೇವಾಂಶ ಶೇಕಡಾ 70ರ ಆಸುಪಾಸು ಅಥವಾ ಅದಕ್ಕಿಂತ ಮೇಲಿರಬೇಕು. ಎಂಟೇ ಎಂಟು ಡಿಗ್ರಿ ಬಿಸಿ, ಅಷ್ಟರಲ್ಲೇ ಬೂಸರಿನ ಬಾಗಿಲು ಮುಚ್ಚಿತು.

ಜೊತೆಗೆ ಹೊಗೆ. ಸೌದೆಯ ಹೊಗೆಯಲ್ಲಿ ಫೀನಾಲ್, ಫಾರ್ಮಾಲ್ಡಿಹೈಡ್ ಮುಂತಾದ ರಾಸಾಯನಿಕಗಳಿರುತ್ತವೆ. ಅವು ಪಕ್ಕಾಸು, ರೀಪು, ಬುಟ್ಟಿ, ಗೋಣಿಗಳ ಮೇಲೆ ತೆಳ್ಳಗೆ ಕೂತು ಹುಳ ಮತ್ತು ಶಿಲೀಂಧ್ರಗಳನ್ನು ದೂರ ಇಡುತ್ತವೆ. ಬಾಳೆಬಳ್ಳಿಯಲ್ಲಿ ಕಟ್ಟಿ ತೂಗಿಸಿದ ಸೌತೆಕಾಯಿ, ಅಕ್ಕಿಮುಡಿ, ಹುಣಸೆಹುಳಿ, ಬೀಜದ ಗಂಟು, ಎಲ್ಲವನ್ನೂ ಕಾದದ್ದು ಇದೇ ಕರಿ. ಅದೇ ಹೊಗೆ ಅಡುಗೆ ಮಾಡುವ ಹೆಂಗಸರ ಎದೆಗೂ ಇಳಿಯುತ್ತಿತ್ತು. ದೊಡ್ಡಮ್ಮನ ಕೆಮ್ಮು ಕೇಳಿ ಬೆಳೆದವನು ನಾನು. ಗ್ಯಾಸ್ ಬಂದದ್ದು ಒಳ್ಳೆಯದೇ ಆಯಿತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಒಲೆ ಆರಿದ ದಿನವೇ ಅಟ್ಟ ಬೇರೆಯೇ ಜಾಗವಾಯಿತು. ನಾವು ಮಾತ್ರ ಹಳೆಯ ನಂಬಿಕೆಯಲ್ಲೇ ಸಾಮಾನು ಏರಿಸುತ್ತಾ ಬಂದೆವು.

ಈಗ ಅಟ್ಟದಲ್ಲಿ ಬೇಸಿಗೆಯ ಮಧ್ಯಾಹ್ನ ಸುಡುವ ಬಿಸಿ, ಮಳೆಗಾಲದಲ್ಲಿ ಹೊರಗಿನಷ್ಟೇ ತೇವ. ಎರಡೂ ಕೆಟ್ಟವೇ. ಬಿಸಿ ಹತ್ತು ಡಿಗ್ರಿ ಏರಿದರೆ ಹೆಚ್ಚಿನ ರಾಸಾಯನಿಕ ಕ್ರಿಯೆಗಳ ವೇಗ ಸುಮಾರು ಎರಡು ಪಟ್ಟಾಗುತ್ತದೆ. ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್ 1889ರಲ್ಲಿ ಇದರ ಹಿಂದಿನ ಸೂತ್ರ ಕೊಟ್ಟರು. ಕಾಗದ ಹಳದಿಯಾಗುವುದು, ಫೋಟೊದ ಬಣ್ಣ ಮಾಸುವುದು, ರಬ್ಬರು ಬಿರಿಯುವುದು, ಎಲ್ಲವೂ ಈ ಲೆಕ್ಕಕ್ಕೇ ಬರುತ್ತವೆ. ನನ್ನ ಶೂವಿನ ಅಟ್ಟೆ ಪಾಲಿಯುರೆಥೇನ್ ಎಂಬ ಒಂದು ಬಗೆಯ ಪ್ಲಾಸ್ಟಿಕ್ಕಿನದು. ಗಾಳಿಯ ನೀರಾವಿ ಅದರ ಉದ್ದದ ಅಣುಸರಪಳಿಗಳನ್ನು ಒಂದೊಂದಾಗಿ ಕತ್ತರಿಸುತ್ತಾ ಹೋಗುತ್ತದೆ. ಬಿಸಿ ಸೇರಿದರೆ ಕತ್ತರಿ ಇನ್ನೂ ಚುರುಕು. ಹಾಕಿ ನಡೆದರೂ ನಡೆಯದಿದ್ದರೂ ಅದು ಸವೆಯುತ್ತದೆ.

ಹಾಗಾದರೆ ಅಟ್ಟಕ್ಕೆ ಏನು ಏರಬೇಕು? ಹಿತ್ತಾಳೆ, ತಾಮ್ರ, ಕಂಚು ಏರಲಿ. ಉರುಳಿ, ಹಂಡೆ, ಕೊಪ್ಪರಿಗೆಗಳಿಗೆ ಈ ಬಿಸಿ ಏನೂ ಅಲ್ಲ. ಹುಳಿ, ಉಪ್ಪಿನ ಅಂಶ ಉಳಿಯದಂತೆ ತೊಳೆದು, ಬಿಸಿಲಲ್ಲಿ ಒಣಗಿಸಿ ಇಟ್ಟರಾಯಿತು. ಉಪ್ಪಿನ ಮಾತು ಯಾಕೆ ಅಂದರೆ, ತೇವಾಂಶ ಶೇಕಡಾ 75 ದಾಟಿದರೆ ಉಪ್ಪು ಗಾಳಿಯಿಂದ ನೀರು ಎಳೆದುಕೊಂಡು ಕರಗುತ್ತದೆ. ಕುಂಬಳೆ, ಮಂಜೇಶ್ವರದಂಥ ಕಡಲ ಬದಿಯ ಮನೆಗಳಲ್ಲಿ ಕಡಲಗಾಳಿಯ ಉಪ್ಪು ಕೂತ ಕಬ್ಬಿಣ ಬೇಗ ತುಕ್ಕು ಹಿಡಿಯುವುದು ಇದರಿಂದಲೇ. ಅಲ್ಲಿ ಕಬ್ಬಿಣದ ಸಾಮಾನಿಗೆ ಎಣ್ಣೆ ಹಚ್ಚದೆ ಮೇಲೆ ಇಡಬೇಡಿ. ಭಾರದ ಪಾತ್ರೆಗಳನ್ನು ತೊಲೆಯ ನಡುವೆ ಇಡದೆ ಗೋಡೆಯ ಬದಿಗೆ ಇಡಿ. ನಡುವೆ ಇಟ್ಟ ಭಾರಕ್ಕೇ ತೊಲೆ ಹೆಚ್ಚು ಬಗ್ಗುವುದು. ಪಿಂಗಾಣಿ, ಗಾಜಿನ ಭರಣಿ ಕೂಡ ಇರಬಹುದು.

ಪವರ್ ಬ್ಯಾಂಕ್, ಹಳೆ ಮೊಬೈಲು, ಸ್ಪ್ರೇ ಡಬ್ಬಿ, ಔಷಧ ಇವು ಬೇಡವೇ ಬೇಡ. ಕೊಬ್ಬರಿಯೂ ಬೇಡ. ಕೊಬ್ಬರಿಯ ತೇವ ಶೇಕಡಾ 6ಕ್ಕೆ ಇಳಿದರೆ ಮಾತ್ರ ಅದು ಕೆಡದೆ ಉಳಿಯುತ್ತದೆ. ಮಳೆಗಾಲದ ಅಟ್ಟದಲ್ಲಿ ಅದು ಮತ್ತೆ ತೇವ ಎಳೆದುಕೊಳ್ಳುತ್ತದೆ, ಅಫ್ಲಟಾಕ್ಸಿನ್ ಎಂಬ ವಿಷ ಮಾಡುವ ಬೂಸರು ಹಿಡಿಯುತ್ತದೆ. ಬೀಜಗಳದ್ದೂ ಅದೇ ಕತೆ. ಅಮೆರಿಕದ ಬೀಜವಿಜ್ಞಾನಿ ಜೇಮ್ಸ್ ಹ್ಯಾರಿಂಗ್ಟನ್ ಹೇಳಿದ ಲೆಕ್ಕ ನೆನಪಿಡಲು ಸುಲಭ: ಬೀಜದ ತೇವ ಒಂದು ಶೇಕಡಾ ಇಳಿದರೆ ಆಯುಸ್ಸು ಇಮ್ಮಡಿ, ಜಾಗದ ಬಿಸಿ ಐದು ಡಿಗ್ರಿ ಇಳಿದರೂ ಇಮ್ಮಡಿ. ಅಲಸಂಡೆ, ಹರಿವೆ ಬೀಜ ಚೆನ್ನಾಗಿ ಒಣಗಿಸಿ, ಬಿಗಿ ಮುಚ್ಚಳದ ಬಾಟಲಿಗೆ ಹಾಕಿ, ಕೆಳಗಿನ ತಂಪು ಕೋಣೆಯಲ್ಲಿ ಇಡಿ.

ನನ್ನ ಜೀವ ನಿಜವಾಗಿ ಹಾರಿದ್ದು ಶೂವಿನ ಪಕ್ಕದಲ್ಲಿದ್ದ ತಗಡಿನ ಪೆಟ್ಟಿಗೆ ತೆರೆದಾಗ. ಅದರಲ್ಲಿ ಮನೆಯ ಹಳೆಯ ದಸ್ತಾವೇಜು, ತೀರ್ವೆ (ಭೂಕಂದಾಯ) ರಶೀದಿ, ಕಾಗದಪತ್ರಗಳಿದ್ದವು. ಕಾಸರಗೋಡು 1956ರ ನವೆಂಬರ್ 1ಕ್ಕೆ ಕೇರಳ ಸೇರಿತು. ಅದಕ್ಕೂ ಮೊದಲು ನಮ್ಮದು ದಕ್ಷಿಣ ಕನ್ನಡ ಜಿಲ್ಲೆ. ಆಗಿನ ಪತ್ರಗಳೆಲ್ಲ ಕನ್ನಡದಲ್ಲಿವೆ. ಯಾರದೋ ದುಂಡು ಅಕ್ಷರ, ಗದ್ದೆಗಳ ಹೆಸರು, ಎಲ್ಲೆಯ ಮರಗಳ ಹೆಸರು. ಈ ನೆಲದಲ್ಲಿ ಕನ್ನಡ ಎಷ್ಟು ಸಹಜವಾಗಿ ಬಾಳಿತ್ತು ಎಂಬುದಕ್ಕೆ ಇಂಥ ಮನೆಮನೆಯ ಪೆಟ್ಟಿಗೆಗಳೇ ಸಾಕ್ಷಿ. ಯಾರೋ ಒಳ್ಳೆಯ ಮನಸ್ಸಿನಿಂದಲೇ ಅವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ್ದರು. ಚೀಲದೊಳಗೆ ಸಿಕ್ಕಿಬಿದ್ದ ತೇವ ರಾತ್ರಿ ತಣ್ಣಗಾದಾಗ ಕಾಗದದ ಮೇಲೆಯೇ ಕೂತಿತ್ತು. ಗುಂಡುಸೂಜಿ ಚುಚ್ಚಿದಲ್ಲೆಲ್ಲ ತುಕ್ಕಿನ ತೂತು. ಆ ಕಾಲದ ಮಿಲ್ ಕಾಗದಕ್ಕೆ ಶಾಯಿ ಹರಡದಂತೆ ಪಟಿಕ ಮತ್ತು ರಾಳ ಸೇರಿಸುತ್ತಿದ್ದರು. ಅದರಿಂದ ಹುಟ್ಟುವ ಆಮ್ಲ ಕಾಗದವನ್ನು ಒಳಗಿನಿಂದಲೇ ತಿನ್ನುತ್ತದೆ. ಒಂದು ಹಾಳೆ ಮಡಿಕೆಯ ಗೆರೆಯಲ್ಲೇ ನಾಲ್ಕು ತುಂಡಾಗಿತ್ತು.

ದೊಡ್ಡಮ್ಮನೂ ನಾನೂ ಚಾವಡಿಯಲ್ಲಿ ಚಾಪೆ ಹಾಸಿ ಕೂತೆವು. ಸೂಜಿಗಳನ್ನು ಬಿಡಿಸಿದೆವು, ಮಡಿಕೆಗಳನ್ನು ಬಿಚ್ಚಿದೆವು, ಒಂದೊಂದು ಹಾಳೆಯ ಫೋಟೊ ತೆಗೆದೆವು. ನೆರಳಿನಲ್ಲಿ ಗಾಳಿಗೆ ಹರಡಿ, ಒಗೆದ ಬಿಳಿ ಹತ್ತಿಬಟ್ಟೆಯಲ್ಲಿ ಸುತ್ತಿ, ನಡುಕೋಣೆಯ ಕಪಾಟಿನಲ್ಲಿ ಇಟ್ಟೆವು. ಕಪಾಟನ್ನು ಹೊರಗೋಡೆಯಿಂದ ಒಂದು ಗೇಣು ಈಚೆಗೆ ಸರಿಸಿದ್ದೇವೆ. ಪೆಟ್ಟಿಗೆಗೆ ಹಾಕಿ ಬಿಗಿಯಾಗಿ ಮುಚ್ಚುವ ಕೆಲಸ ಜನವರಿಗೆ ಬಿಟ್ಟಿದ್ದೇವೆ. ಮುಚ್ಚುವಾಗ ಒಳಗೆ ಯಾವ ಗಾಳಿ ಇರುತ್ತದೋ ಅದೇ ಅಲ್ವಾ ಒಳಗೆ ಉಳಿಯುವುದು, ನಮ್ಮಲ್ಲಿ ಆಗಿನ ಗಾಳಿಯೇ ಒಣಗಾಳಿ. ದೊಡ್ಡಮ್ಮ ಈಗ ನಾಲ್ಕು ತುಂಡಾದ ಆ ಹಾಳೆಯಲ್ಲಿರುವ ಗದ್ದೆಗಳ ಹೆಸರನ್ನು ಓದಿ, ಯಾವುದು ಎಲ್ಲಿತ್ತು ಅಂತ ನನ್ನಿಂದ ಬರೆಸುತ್ತಿದ್ದಾರೆ.