ಆಗದ ಮಾತು ಕೊಟ್ಟವರು: ಬ್ರಿಟನ್ನಿನಲ್ಲಿ ಫರಾಜ್ ರಾಜಕಾರಣ ಬೆಳೆದ ಹಿನ್ನೆಲೆ

2025ರ ಮೇ 1ರಂದು ಇಂಗ್ಲೆಂಡಿನ ರನ್‌ಕಾರ್ನ್ ಆ್ಯಂಡ್ ಹೆಲ್ಸ್‌ಬಿ ಕ್ಷೇತ್ರಕ್ಕೆ ಉಪಚುನಾವಣೆ ನಡೆಯಿತು. ಹತ್ತು ತಿಂಗಳ ಹಿಂದಷ್ಟೇ ಲೇಬರ್ ಪಕ್ಷ ಅಲ್ಲಿ 14,000ಕ್ಕೂ ಹೆಚ್ಚು ಮತಗಳಿಂದ ಗೆದ್ದಿತ್ತು. ಈ ಸಲ ರಿಫಾರ್ಮ್ ಯುಕೆ ಎಂಬ ಪಕ್ಷದ ಎದುರು ಸೋತಿತು. ಅಂತರ ಬರೀ 6 ಮತ. ಅದೇ ದಿನದ ಸ್ಥಳೀಯ ಚುನಾವಣೆಯಲ್ಲಿ ರಿಫಾರ್ಮ್ 677 ಸ್ಥಾನ ಗೆದ್ದು, 10 ಕೌನ್ಸಿಲ್‌ಗಳನ್ನು ಕೈಗೆ ತೆಗೆದುಕೊಂಡಿತು. ಮೇ 12ರಂದು ಲೇಬರ್ ಪಕ್ಷದ ಪ್ರಧಾನಿ ಕಿಯರ್ ಸ್ಟಾರ್ಮರ್ ವಲಸೆ ಕುರಿತ ಶ್ವೇತಪತ್ರ ಮುಂದಿಟ್ಟರು. ಬ್ರಿಟನ್ ‘ಅಪರಿಚಿತರ ದ್ವೀಪ’ ಆಗಿಬಿಡುವ ಅಪಾಯವಿದೆ ಎಂದರು. ಆ ಮಾತು ಆಡಬಾರದಿತ್ತು ಎಂದು ಮುಂದಿನ ತಿಂಗಳು ಅವರೇ ಹೇಳಿಕೊಂಡರು.

ರಿಫಾರ್ಮ್ ಪಕ್ಷದ ನಾಯಕ ನೈಜೆಲ್ ಫರಾಜ್. ನಾವು ಸಾಮಾನ್ಯ ಜನ, ಮೇಲೆ ಕೂತವರು ನಮಗೆ ಮೋಸ ಮಾಡಿದ್ದಾರೆ, ನಮ್ಮ ಪಾಲನ್ನು ಹೊರಗಿನವರು ತಿನ್ನುತ್ತಿದ್ದಾರೆ. ಈ ಮೂರು ಮಾತಿನ ಮೇಲೆ ನಿಂತ ರಾಜಕಾರಣಕ್ಕೆ ಬಲಪಂಥೀಯ ಪಾಪ್ಯುಲಿಸಂ ಅನ್ನುತ್ತಾರೆ. ಫ್ರಾನ್ಸ್, ಜರ್ಮನಿ, ಆಸ್ಟ್ರಿಯಾ, ಇಟಲಿ, ನೆದರ್ಲ್ಯಾಂಡ್ಸ್, ಸ್ವೀಡನ್ ಎಲ್ಲ ಕಡೆಯೂ ಅದು ಬೆಳೆದಿದೆ. ಇದನ್ನು ಬೆಳೆಸಿದ್ದು ಯಾರು ಅಂತ ಕೇಳಿದರೆ ಜನ ಫರಾಜ್ ಕಡೆಗೋ ಫ್ರಾನ್ಸಿನ ಲೆ ಪೆನ್ ಕಡೆಗೋ ಬೆರಳು ತೋರಿಸುತ್ತಾರೆ. ನನ್ನ ಪ್ರಕಾರ ಅದು ಅರ್ಧ ಉತ್ತರ. ದೊಡ್ಡ ಪಕ್ಷಗಳು ಹೆದರಿ, ತಮ್ಮ ಕೈಲಾಗದ ಮಾತು ಕೊಟ್ಟು, ಆಮೇಲೆ ಅದನ್ನು ತಪ್ಪುತ್ತಾ ಬಂದದ್ದು ಇನ್ನರ್ಧ. ಆ ಕಥೆ ಐವತ್ತು ವರ್ಷಕ್ಕೂ ಹಳೆಯದು.

1968ರಿಂದ ಶುರುಮಾಡೋಣ. ಕೀನ್ಯಾದಲ್ಲಿ ನೆಲೆಸಿದ್ದ ಭಾರತ ಮೂಲದ ಸಾವಿರಾರು ಜನರ ಕೈಯಲ್ಲಿ ಬ್ರಿಟಿಷ್ ಪಾಸ್‌ಪೋರ್ಟ್ ಇತ್ತು. ಆ ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೆ ಅಲ್ಲಿ ಅವರಿಗೆ ಕೆಲಸ, ವ್ಯಾಪಾರ ಕಷ್ಟವಾಯಿತು. ಲಂಡನ್ನಿಗೆ ವಿಮಾನ ಹತ್ತತೊಡಗಿದರು. ಅಧಿಕಾರದಲ್ಲಿದ್ದದ್ದು ಲೇಬರ್ ಸರ್ಕಾರ. ಅದು ಗಾಬರಿಬಿದ್ದು ಮೂರೇ ದಿನದಲ್ಲಿ ಸಂಸತ್ತಿನಲ್ಲಿ ಕಾನೂನು ಪಾಸು ಮಾಡಿಸಿತು. ಪಾಸ್‌ಪೋರ್ಟ್ ಇದ್ದರೆ ಸಾಲದು, ಅಪ್ಪ ಅಮ್ಮ ಇಲ್ಲವೇ ಅಜ್ಜ ಅಜ್ಜಿಯಲ್ಲಿ ಒಬ್ಬರಾದರೂ ಬ್ರಿಟನ್ನಿನಲ್ಲಿ ಹುಟ್ಟಿರಬೇಕು ಎಂಬ ಷರತ್ತು ಬಂತು. ಕೀನ್ಯಾದ ಬಿಳಿಯರಿಗೆ ಇದರಿಂದ ತೊಂದರೆ ಇರಲಿಲ್ಲ. ಬಾಗಿಲು ಮುಚ್ಚಿದ್ದು ಭಾರತೀಯರಿಗೆ.

ಇದಾಗಿ ಕೆಲವೇ ವಾರಗಳಲ್ಲಿ, ಏಪ್ರಿಲ್ 20ರಂದು, ಕನ್ಸರ್ವೇಟಿವ್ ಪಕ್ಷದ ಮುಂದಾಳು ಈನಾಕ್ ಪೊವೆಲ್ ಬರ್ಮಿಂಗ್‌ಹ್ಯಾಮಿನಲ್ಲಿ ಭಾಷಣ ಮಾಡಿದರು. ವಲಸೆ ನಿಲ್ಲಿಸದಿದ್ದರೆ ರಕ್ತಪಾತ ಆಗುತ್ತದೆ ಎಂಬುದು ಅದರ ಸಾರ. ಪಕ್ಷದ ನಾಯಕ ಎಡ್ವರ್ಡ್ ಹೀತ್ ಮರುದಿನವೇ ಪೊವೆಲ್‌ರನ್ನು ತಮ್ಮ ತಂಡದಿಂದ ತೆಗೆದುಹಾಕಿದರು. ಆದರೆ ಲಂಡನ್ನಿನ ಬಂದರು ಕಾರ್ಮಿಕರು ಪೊವೆಲ್ ಪರವಾಗಿ ಸಂಸತ್ತಿಗೆ ಮೆರವಣಿಗೆ ಹೋದರು. ಗ್ಯಾಲಪ್ ಸಮೀಕ್ಷೆಯಲ್ಲಿ ನೂರಕ್ಕೆ 74 ಮಂದಿ ಪೊವೆಲ್ ಹೇಳಿದ್ದು ಸರಿ ಎಂದರು. ಸರ್ಕಾರವೇ ಕಾನೂನು ಮಾಡಿ ಹೆದರಿಕೆಗೆ ಮುದ್ರೆ ಒತ್ತಿದ ಮೇಲೆ ಜನ ಹಾಗಂದದ್ದರಲ್ಲಿ ಆಶ್ಚರ್ಯ ಏನಿದೆ?

ನಾಲ್ಕು ವರ್ಷದ ನಂತರ ಅದೇ ಹೀತ್ ಪ್ರಧಾನಿಯಾಗಿದ್ದರು. 1972ರ ಆಗಸ್ಟ್‌ನಲ್ಲಿ ಉಗಾಂಡದ ಇದಿ ಅಮೀನ್, ಏಷ್ಯನ್ನರು 90 ದಿನದೊಳಗೆ ದೇಶ ಬಿಡಬೇಕೆಂದು ಆಜ್ಞೆ ಹೊರಡಿಸಿದ. ಲೆಸ್ಟರ್ ನಗರಸಭೆ ಉಗಾಂಡದ ಪತ್ರಿಕೆಗೆ ಜಾಹೀರಾತು ಕೊಟ್ಟಿತು. ನಮ್ಮಲ್ಲಿ ಮನೆಯಿಲ್ಲ, ಶಾಲೆಯಲ್ಲಿ ಜಾಗವಿಲ್ಲ, ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇವೆ, ಲೆಸ್ಟರ್‌ಗೆ ಬರಬೇಡಿ ಎಂಬ ಅರ್ಥದ ಜಾಹೀರಾತು. ಹೀತ್ ಮಾತ್ರ ಬಾಗಲಿಲ್ಲ. ಇವರು ನಮ್ಮ ಪಾಸ್‌ಪೋರ್ಟ್ ಇರುವವರು, ಇವರ ಹೊಣೆ ನಮ್ಮದು ಎಂಬ ನಿಲುವು ತೆಗೆದುಕೊಂಡರು. ಹಳೆಯ ಸೇನಾ ನೆಲೆಗಳಲ್ಲಿ ಶಿಬಿರ ತೆರೆದರು. ಸುಮಾರು 28,000 ಜನ ಬಂದರು. ಬೇಡ ಅಂದ ಲೆಸ್ಟರ್‌ಗೇ ಸಾವಿರಾರು ಮಂದಿ ಹೋದರು. ಇವತ್ತು ಆ ಊರಿನ ಬೆಲ್‌ಗ್ರೇವ್ ರಸ್ತೆಯ ದೀಪಾವಳಿ ಭಾರತದ ಹೊರಗೆ ನಡೆಯುವ ಅತಿ ದೊಡ್ಡ ಆಚರಣೆಗಳಲ್ಲಿ ಒಂದು. ಹೀತ್ 1974ರಲ್ಲಿ ಸೋತರು, ನಿಜ. ಸೋತದ್ದು ಗಣಿ ಕಾರ್ಮಿಕರ ಮುಷ್ಕರ ಮತ್ತು ಬೆಲೆ ಏರಿಕೆಯ ನಡುವೆ. ವಲಸೆಯನ್ನು ವಿರೋಧಿಸುತ್ತಿದ್ದ ನ್ಯಾಷನಲ್ ಫ್ರಂಟ್ ಪಕ್ಷಕ್ಕೆ ಸಂಸತ್ತಿನಲ್ಲಿ ಒಂದು ಸ್ಥಾನವೂ ಯಾವತ್ತೂ ಸಿಗಲಿಲ್ಲ.

ಫರಾಜ್ ಬೆಳೆದದ್ದು ಬೇರೆ ಮಣ್ಣಿನಲ್ಲಿ. 1992ರಲ್ಲಿ ಮಾಸ್ಟ್ರಿಕ್ಟ್ ಒಪ್ಪಂದಕ್ಕೆ ಸಹಿ ಬಿತ್ತು, ಐರೋಪ್ಯ ಒಕ್ಕೂಟ ಹುಟ್ಟಿತು. ಬ್ರಿಟನ್ ಅದರಿಂದ ಹೊರಬರಬೇಕೆಂದು 1993ರಲ್ಲಿ ಇತಿಹಾಸದ ಪ್ರಾಧ್ಯಾಪಕ ಅಲನ್ ಸ್ಕೆಡ್ ಯುಕಿಪ್ ಪಕ್ಷ ಕಟ್ಟಿದರು. ಆಗ ಅದನ್ನು ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ಬ್ರಿಟನ್ನಿನ ಸಂಸತ್ತಿಗೆ ನಮ್ಮ ಲೋಕಸಭೆಯ ಪದ್ಧತಿಯೇ. ಕ್ಷೇತ್ರದಲ್ಲಿ ಹೆಚ್ಚು ಮತ ಪಡೆದವರು ಗೆದ್ದರು, ಉಳಿದ ಮತಕ್ಕೆ ಬೆಲೆ ಇಲ್ಲ. ಸಣ್ಣ ಪಕ್ಷ ಅಲ್ಲಿ ತಲೆ ಎತ್ತುವುದು ಕಷ್ಟ. ಆದರೆ 1999ರಲ್ಲಿ ಐರೋಪ್ಯ ಸಂಸತ್ತಿನ ಚುನಾವಣೆಗೆ ಮಾತ್ರ, ಮತಕ್ಕೆ ತಕ್ಕಷ್ಟು ಸ್ಥಾನ ಎಂಬ ಪದ್ಧತಿ ಬಂತು. ಯುಕಿಪ್‌ಗೆ 3 ಸ್ಥಾನ ಸಿಕ್ಕಿತು. ಅದರಲ್ಲಿ ಒಬ್ಬರು ಫರಾಜ್. ಅವರಿಗೆ ಸಂಬಳ, ಕಚೇರಿ, ಮೈಕು ಎಲ್ಲ ಕೊಟ್ಟದ್ದು ಅವರು ಬೇಡವೆನ್ನುತ್ತಿದ್ದ ಒಕ್ಕೂಟದ ಸಂಸತ್ತೇ.

2004ರಲ್ಲಿ ಪೋಲೆಂಡ್ ಸೇರಿ 10 ದೇಶಗಳು ಒಕ್ಕೂಟ ಸೇರಿದವು. ಜರ್ಮನಿ, ಫ್ರಾನ್ಸ್ ಎಲ್ಲ ಕೆಲವು ವರ್ಷ ತಮ್ಮ ಕೆಲಸದ ಬಾಗಿಲು ತೆರೆಯಲಿಲ್ಲ. ಮೊದಲ ದಿನದಿಂದಲೇ ತೆರೆದದ್ದು ಬ್ರಿಟನ್, ಐರ್ಲೆಂಡ್, ಸ್ವೀಡನ್ ಮಾತ್ರ. ವರ್ಷಕ್ಕೆ 5,000ದಿಂದ 13,000 ಜನ ಬರಬಹುದು ಎಂದು ಬ್ರಿಟನ್ನಿನ ಲೇಬರ್ ಸರ್ಕಾರ ಬರೆಸಿದ ವರದಿ ಹೇಳಿತ್ತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2001ರ ಜನಗಣತಿಯಲ್ಲಿ ಪೋಲೆಂಡಿನಲ್ಲಿ ಹುಟ್ಟಿದವರು 58,000 ಇದ್ದರು. 2011ರಲ್ಲಿ 5,79,000 ಆದರು. ಬಂದವರಲ್ಲಿ ಬಹುಪಾಲು ದುಡಿಯಲು ಬಂದವರೇ. ಲಿಂಕನ್‌ಶೈರ್‌ನ ಬಾಸ್ಟನ್ ಸುತ್ತಮುತ್ತ ಕೋಸು ಕೊಯ್ದು, ತರಕಾರಿ ಪ್ಯಾಕ್ ಮಾಡಿದವರು ಅವರು. ಆದರೆ ಒಂದೇ ಸಣ್ಣ ಊರಿಗೆ ಇಷ್ಟು ಬೇಗ ಇಷ್ಟು ಜನ ಬಂದಾಗ ಡಾಕ್ಟರ್, ಮನೆ, ಶಾಲೆ ಹೆಚ್ಚಿಸಬೇಕಿತ್ತು. ಅದು ಸಾಕಷ್ಟು ಆಗಲಿಲ್ಲ. ಜನರ ಆ ದೂರು ಸುಳ್ಳಲ್ಲ. ಅದನ್ನು ಬರೀ ದ್ವೇಷ ಎಂದು ತಳ್ಳಿಹಾಕಿದ್ದು ಲೇಬರ್ ಮಾಡಿದ ತಪ್ಪು.

2010ರಲ್ಲಿ ಪ್ರಧಾನಿಯಾಗಿ ಬಂದ ಕನ್ಸರ್ವೇಟಿವ್ ಪಕ್ಷದ ಡೇವಿಡ್ ಕ್ಯಾಮರನ್ ಇದಕ್ಕಿಂತ ದೊಡ್ಡ ತಪ್ಪು ಮಾಡಿದರು. ಒಳಬರುವವರಿಗೂ ಹೊರಹೋಗುವವರಿಗೂ ಇರುವ ವ್ಯತ್ಯಾಸ, ಅಂದರೆ ನಿವ್ವಳ ವಲಸೆಯನ್ನು, ಲಕ್ಷದ ಒಳಗೆ ಇಳಿಸುತ್ತೇನೆ ಎಂದು ಮಾತು ಕೊಟ್ಟರು. ಒಕ್ಕೂಟದೊಳಗೆ ಇರುವವರೆಗೆ ಅದರ ಪ್ರಜೆಗಳನ್ನು ತಡೆಯುವ ಅಧಿಕಾರವೇ ಅವರಿಗಿರಲಿಲ್ಲ. 2015ರ ಹೊತ್ತಿಗೆ ನಿವ್ವಳ ವಲಸೆ 3 ಲಕ್ಷ ದಾಟಿತ್ತು. ಪ್ರತಿ ಮೂರು ತಿಂಗಳಿಗೊಮ್ಮೆ ಅಂಕಿ ಅಂಶ ಹೊರಬರುತ್ತಿತ್ತು. ಪ್ರತಿ ಸಲವೂ ಫರಾಜ್ ಟಿವಿ ಮುಂದೆ ಕೂತು, ನೋಡಿ ಮತ್ತೆ ಮಾತು ತಪ್ಪಿದರು ಎನ್ನಬಹುದಿತ್ತು. ಅದೇ ವರ್ಷಗಳಲ್ಲಿ ಸರ್ಕಾರ ಖರ್ಚು ಕಡಿತ ಶುರುಮಾಡಿ, ಸ್ಥಳೀಯ ಕೌನ್ಸಿಲ್‌ಗಳಿಗೆ ಕೊಡುವ ಹಣಕ್ಕೆ ಕತ್ತರಿ ಹಾಕಿತು. ಗ್ರಂಥಾಲಯ, ಮಕ್ಕಳ ಕೇಂದ್ರ, ಬಸ್ಸು ಒಂದೊಂದೇ ನಿಂತವು.

ಎಸೆಕ್ಸ್ ಕರಾವಳಿಯ ಕ್ಲಾಕ್ಟನ್ ಕ್ಷೇತ್ರವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅಲ್ಲಿ ಜೇವಿಕ್ ಅನ್ನುವ ಊರಿದೆ. 1930ರ ದಶಕದಲ್ಲಿ ಲಂಡನ್ನಿನ ಸಾಮಾನ್ಯ ಕುಟುಂಬಗಳು ರಜೆ ಕಳೆಯಲೆಂದು ಅಲ್ಲಿ ಸಣ್ಣ ಸಣ್ಣ ಮನೆ ಕಟ್ಟಿದರು. ಬೀದಿಗಳಿಗೆ ಕಾರುಗಳ ಹೆಸರು: ಬೆಂಟ್ಲಿ ಅವೆನ್ಯೂ, ಆಸ್ಟಿನ್ ಅವೆನ್ಯೂ. ಬೇಸಿಗೆಗೆಂದು ಕಟ್ಟಿದ ಮನೆಗಳಲ್ಲೇ ಆಮೇಲೆ ಜನ ವರ್ಷಪೂರ್ತಿ ಉಳಿದುಬಿಟ್ಟರು. ಕಡಿಮೆ ದುಡ್ಡಿಗೆ ಸ್ಪೇನ್ ಪ್ರವಾಸ ಸಿಗತೊಡಗಿದ ಮೇಲೆ ಕ್ಲಾಕ್ಟನ್‌ಗೆ ಬರುವವರು ಕಡಿಮೆಯಾದರು. 1938ರಿಂದ ನಡೆಯುತ್ತಿದ್ದ ಬಟ್ಲಿನ್ಸ್ ರಜಾ ಶಿಬಿರ 1983ರಲ್ಲಿ ಮುಚ್ಚಿತು, ಕೆಲಸಗಳೂ ಹೋದವು. ಸರ್ಕಾರದ ಬಡತನ ಸೂಚಿಯಲ್ಲಿ 2010, 2015, 2019, 2025 ಹೀಗೆ ನಾಲ್ಕು ಸಲವೂ ಇಂಗ್ಲೆಂಡಿನ ಅತ್ಯಂತ ಹಿಂದುಳಿದ ಪ್ರದೇಶ ಎಂದು ಬಂದದ್ದು ಜೇವಿಕ್‌ನದೇ ಒಂದು ಭಾಗ. ಅಲ್ಲಿ ವಲಸಿಗರು ತೀರಾ ಕಡಿಮೆ. ಕೆಲಸ ಹೋದದ್ದು, ಮನೆ ಸೋರುತ್ತಿರುವುದು ಯಾವ ಪೋಲಿಷ್ ಕೂಲಿಯಿಂದಲೂ ಅಲ್ಲ. ಆದರೂ 2014ರಲ್ಲಿ ಯುಕಿಪ್‌ನ ಮೊದಲ ಚುನಾಯಿತ ಸಂಸದರನ್ನು ಕಳಿಸಿದ್ದು ಕ್ಲಾಕ್ಟನ್. ಏಳು ಸಲ ಸೋತಿದ್ದ ಫರಾಜ್, ಯುಕಿಪ್ ಬಿಟ್ಟು ರಿಫಾರ್ಮ್ ಪಕ್ಷದ ನಾಯಕರಾಗಿ 2024ರಲ್ಲಿ ಸಂಸತ್ತಿಗೆ ಬಂದದ್ದೂ ಅಲ್ಲಿಂದಲೇ. ತಮ್ಮನ್ನು ಕೇಳುವವರೇ ಇಲ್ಲ ಎಂದು ಅಲ್ಲಿನ ಜನ ಅಂದುಕೊಂಡಿದ್ದರು. ಕೇಳುತ್ತೇನೆ ಎಂದು ಬಾಗಿಲಿಗೆ ಬಂದವರು ಫರಾಜ್.

2013ರ ಜನವರಿಯಲ್ಲಿ ಕ್ಯಾಮರನ್, ಒಕ್ಕೂಟದಲ್ಲಿ ಉಳಿಯಬೇಕೇ ಬೇಡವೇ ಎಂಬ ಜನಮತಗಣನೆಯ ಭರವಸೆ ಕೊಟ್ಟರು. ಸ್ವಂತ ಪಕ್ಷದ ಬಂಡಾಯ ತಣಿಯಲಿ, ಯುಕಿಪ್ ಕಡೆ ಹೋಗುವ ಮತ ನಿಲ್ಲಲಿ ಎಂಬ ಲೆಕ್ಕ ಅದು. 2015ರಲ್ಲಿ ಯುಕಿಪ್‌ಗೆ ಸುಮಾರು 39 ಲಕ್ಷ ಮತ ಬಂದರೂ ಸಿಕ್ಕಿದ್ದು ಒಂದೇ ಸ್ಥಾನ. ಒಬ್ಬನೇ ಸಂಸದನಿದ್ದ ಪಕ್ಷಕ್ಕೆ ಹೆದರಿ ಒಂದು ದೇಶ ತನ್ನ ನಲವತ್ತು ವರ್ಷದ ನಂಟನ್ನು ಪಣಕ್ಕಿಟ್ಟಿತು. 2016ರ ಜೂನ್ 16ರಂದು ಫರಾಜ್ ಒಂದು ಪೋಸ್ಟರ್ ಬಿಡುಗಡೆ ಮಾಡಿದರು. ಸ್ಲೊವೇನಿಯಾದ ಗಡಿಯಲ್ಲಿ ಸಾಲಾಗಿ ನಡೆದುಬರುತ್ತಿದ್ದ ನಿರಾಶ್ರಿತರ ಚಿತ್ರ ಅದರಲ್ಲಿತ್ತು. ಒಕ್ಕೂಟದ ಪ್ರಜೆಗಳಿಗೆ ಇದ್ದ ಓಡಾಟದ ಹಕ್ಕಿಗೂ ಆ ಜನರಿಗೂ ಸಂಬಂಧವೇ ಇರಲಿಲ್ಲ. ಅದೇ ದಿನ ಲೇಬರ್ ಸಂಸದೆ ಜೋ ಕಾಕ್ಸ್ ಅವರನ್ನು ಒಬ್ಬ ಬಲಪಂಥೀಯ ಉಗ್ರ ಕೊಂದ. ಒಂದು ವಾರದ ನಂತರ ಶೇ 51.9ರಷ್ಟು ಜನ ಹೊರಬರೋಣ ಎಂದರು. ಬಾಸ್ಟನ್‌ನಲ್ಲಿ ಶೇ 75.6. ದೇಶದಲ್ಲೇ ಜಾಸ್ತಿ.

ಯುರೋಪಿನ ಇತರ ದೇಶಗಳು ಏನು ಮಾಡಿದವು? ಆಸ್ಟ್ರಿಯಾದಲ್ಲಿ 2000ದಲ್ಲಿ ಯೋರ್ಗ್ ಹೈಡರ್ ಅವರ ವಲಸೆ ವಿರೋಧಿ ಪಕ್ಷವನ್ನು ಕನ್ಸರ್ವೇಟಿವ್‌ಗಳು ಸರ್ಕಾರಕ್ಕೆ ಸೇರಿಸಿಕೊಂಡರು. ಒಕ್ಕೂಟದ ಉಳಿದ 14 ದೇಶಗಳು ಸಿಟ್ಟಾಗಿ ಸಂಬಂಧ ಕಡಿಮೆ ಮಾಡಿದವು, ಕೆಲವೇ ತಿಂಗಳಲ್ಲಿ ಸುಮ್ಮನಾದವು. ಎರಡು ವರ್ಷದಲ್ಲಿ ಆ ಪಕ್ಷ ಒಳಜಗಳದಿಂದ ಕುಸಿಯಿತು. ಆದರೆ 2024ರ ಸೆಪ್ಟೆಂಬರ್‌ನಲ್ಲಿ ಶೇ 29ರ ಆಸುಪಾಸು ಮತ ಪಡೆದು ಮೊದಲ ಸ್ಥಾನಕ್ಕೇ ಬಂತು. ಫ್ರಾನ್ಸಿನಲ್ಲಿ 2002ರಲ್ಲಿ ಜಾನ್-ಮರಿ ಲೆ ಪೆನ್ ಅಧ್ಯಕ್ಷ ಚುನಾವಣೆಯ ಎರಡನೇ ಸುತ್ತಿಗೆ ಬಂದಾಗ ಎಡಪಂಥೀಯರೂ ಎದುರಾಳಿ ಷಿರಾಕ್‌ಗೆ ಮತ ಹಾಕಿ ಶೇ 82ರಿಂದ ಗೆಲ್ಲಿಸಿದರು. ಆತನ ಮಗಳು ಮರೀನ್ 2017ರಲ್ಲಿ ಶೇ 34, 2022ರಲ್ಲಿ ಶೇ 41.5 ಮತ ಪಡೆದರು. 2024ರ ಸಂಸತ್ ಚುನಾವಣೆಯಲ್ಲಿ ಮತ ಒಡೆಯದಿರಲೆಂದು ಇತರ ಪಕ್ಷಗಳ ಇನ್ನೂರಕ್ಕೂ ಹೆಚ್ಚು ಅಭ್ಯರ್ಥಿಗಳು ಕಣದಿಂದ ಹಿಂದೆ ಸರಿದು ಮರೀನ್ ಪಕ್ಷವನ್ನು ಮೂರನೇ ಸ್ಥಾನಕ್ಕೆ ತಳ್ಳಿದರು. ಹೀಗೆ ಒಟ್ಟಾಗಿ ನಿಲ್ಲುವುದು ಸೋಲಿಸುತ್ತದೆ. ಅವರ ಮತ ಬೆಳೆಯುವುದನ್ನು ಮಾತ್ರ ಅದು ನಿಲ್ಲಿಸಿಲ್ಲ. ಜರ್ಮನಿಯಲ್ಲಿ 2025ರ ಜನವರಿಯಲ್ಲಿ ಕನ್ಸರ್ವೇಟಿವ್ ನಾಯಕ ಫ್ರೆಡ್ರಿಕ್ ಮೆರ್ಜ್, ವಲಸೆ ವಿರೋಧಿ ಎಎಫ್‌ಡಿ ಪಕ್ಷದ ಮತಗಳ ಬಲದಿಂದ ವಲಸೆ ಕುರಿತ ನಿರ್ಣಯವೊಂದನ್ನು ಪಾಸು ಮಾಡಿಸಿದರು. ಮುಂದಿನ ತಿಂಗಳ ಚುನಾವಣೆಯಲ್ಲಿ ಎಎಫ್‌ಡಿ ತನ್ನ ಮತ ದುಪ್ಪಟ್ಟು ಮಾಡಿಕೊಂಡು ಶೇ 20.8 ತಲುಪಿತು.

ಡೆನ್ಮಾರ್ಕ್ ಕಥೆ ಬೇರೆ. ಅಲ್ಲಿ ಮೆಟ್ಟೆ ಫ್ರೆಡ್ರಿಕ್ಸನ್ ಅವರ ಸೋಷಿಯಲ್ ಡೆಮಾಕ್ರಟ್ ಪಕ್ಷ ತಾನೇ ವಲಸೆಯ ಮೇಲೆ ಬಿಗಿ ನಿಲುವು ತಾಳಿತು. 2015ರಲ್ಲಿ ಶೇ 21 ಇದ್ದ, ವಲಸೆ ವಿರೋಧಿ ಡ್ಯಾನಿಷ್ ಪೀಪಲ್ಸ್ ಪಾರ್ಟಿ 2019ರಲ್ಲಿ ಶೇ 8.7ಕ್ಕೆ ಇಳಿಯಿತು. ಇದನ್ನೇ ಎಲ್ಲರೂ ಮಾದರಿ ಅನ್ನುತ್ತಾರೆ. ಆದರೆ 2022ರಲ್ಲಿ ಆ ಧಾಟಿಯ ಮೂರು ಪಕ್ಷಗಳ ಮತ ಕೂಡಿಸಿದರೆ ಮತ್ತೆ ಶೇ 14 ದಾಟುತ್ತದೆ. ಇದನ್ನು ಮಾದರಿ ಅನ್ನುವವರು ಈ ಲೆಕ್ಕ ಹೇಳುವುದು ಕಡಿಮೆ.

ಬ್ರೆಕ್ಸಿಟ್ ಆದ ಮೇಲೆ ಏನಾಯಿತು ನೋಡಿ. ಬೋರಿಸ್ ಜಾನ್ಸನ್ 2019ರಲ್ಲಿ ಗೆದ್ದರು, 2020ರ ಜನವರಿ 31ರಂದು ಬ್ರಿಟನ್ ಹೊರಬಂತು. ಒಕ್ಕೂಟದವರು ಬರುವುದು ಕಡಿಮೆಯಾಯಿತು. ಕೆಲಸಗಳು ಹಾಗೇ ಉಳಿದವು. ವೃದ್ಧರನ್ನು, ರೋಗಿಗಳನ್ನು ನೋಡಿಕೊಳ್ಳಲು ಜನವೇ ಇರಲಿಲ್ಲ. 2022ರ ಫೆಬ್ರವರಿಯಲ್ಲಿ ಸರ್ಕಾರ ಕೇರ್ ವರ್ಕರ್‌ಗಳಿಗೂ ವೀಸಾ ತೆರೆಯಿತು. ಭಾರತ, ನೈಜೀರಿಯಾ, ಜಿಂಬಾಬ್ವೆಯಿಂದ ಜನ ಹೋದರು. ವಿದ್ಯಾರ್ಥಿಗಳೂ ಹೋದರು. 2023ರ ಮಧ್ಯದ ಹೊತ್ತಿಗೆ ವಾರ್ಷಿಕ ನಿವ್ವಳ ವಲಸೆ 9 ಲಕ್ಷ ದಾಟಿತು. ವಲಸೆ ಇಳಿಯುತ್ತದೆಂದು ನಂಬಿ ಮತ ಹಾಕಿದ ಕ್ಲಾಕ್ಟನ್ನಿನವರಿಗೆ ಇದನ್ನು ಯಾರು ವಿವರಿಸಬೇಕು?

ಆಗ ಪ್ರಧಾನಿಯಾಗಿದ್ದವರು ನಮ್ಮವರೆಲ್ಲ ಕರ್ನಾಟಕದ ಅಳಿಯ ಎಂದು ಹೆಮ್ಮೆಪಟ್ಟ ರಿಷಿ ಸುನಕ್. ಅವರ ತಂದೆ ತಾಯಿ ಪೂರ್ವ ಆಫ್ರಿಕಾದಿಂದ ಬಂದ ಭಾರತ ಮೂಲದವರು. ಸುನಕ್ ದೋಣಿ ನಿಲ್ಲಿಸುತ್ತೇನೆ ಎಂದು ವೇದಿಕೆಯ ಮೇಲೆ ಬರೆಸಿಕೊಂಡು ನಿಂತರು. ಇಂಗ್ಲಿಷ್ ಕಾಲುವೆ ದಾಟಿ ಸಣ್ಣ ದೋಣಿಗಳಲ್ಲಿ 2022ರಲ್ಲಿ ಬಂದವರು 45,000ಕ್ಕೂ ಹೆಚ್ಚು. ವೀಸಾ ಮೇಲೆ ಬಂದವರ ಮುಂದೆ ಇದು ಸಣ್ಣ ಸಂಖ್ಯೆ. ಆದರೆ ಟಿವಿಯಲ್ಲಿ ಕಾಣುವುದು ದೋಣಿಯೇ. ಬ್ರೆಕ್ಸಿಟ್ ಜೊತೆಗೆ, ಅವರನ್ನು ಮೊದಲು ಕಾಲಿಟ್ಟ ಐರೋಪ್ಯ ದೇಶಕ್ಕೆ ವಾಪಸ್ ಕಳಿಸುವ ಒಪ್ಪಂದವೂ ಹೋಗಿತ್ತು. ಅವರನ್ನು ರುವಾಂಡಕ್ಕೆ ಕಳಿಸುವ ಯೋಜನೆಗೆ ಕೋಟಿಗಟ್ಟಲೆ ಪೌಂಡ್ ಸುರಿದರು. ಬಲವಂತವಾಗಿ ಒಬ್ಬರನ್ನೂ ಕಳಿಸಲಾಗಲಿಲ್ಲ. ಮತ್ತೊಂದು ಮಾತು, ಮತ್ತೊಂದು ಸೋಲು. 2024ರ ಜುಲೈನಲ್ಲಿ ಕನ್ಸರ್ವೇಟಿವ್ 121 ಸ್ಥಾನಕ್ಕೆ ಕುಸಿಯಿತು. ರಿಫಾರ್ಮ್ ಶೇ 14.3 ಮತ ಪಡೆಯಿತು.

2025ರ ನವೆಂಬರ್ 17ರಂದು ಲೇಬರ್ ಗೃಹ ಸಚಿವೆ ಶಬಾನಾ ಮಹಮೂದ್ ಡೆನ್ಮಾರ್ಕ್ ಮಾದರಿಯಲ್ಲಿ ನಿರಾಶ್ರಿತರ ನಿಯಮ ಬಿಗಿಮಾಡುವುದಾಗಿ ಘೋಷಿಸಿದರು. ಮರುದಿನ ಡೆನ್ಮಾರ್ಕ್‌ನಲ್ಲಿ ಸ್ಥಳೀಯ ಚುನಾವಣೆ. ಅದೇ ಸೋಷಿಯಲ್ ಡೆಮಾಕ್ರಟ್‌ಗಳು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿದಿಟ್ಟುಕೊಂಡಿದ್ದ ಕೋಪನ್‌ಹೇಗನ್ ಕಳೆದುಕೊಂಡರು. ಎಡಕ್ಕಿರುವ ಮತದಾರರು ಅವರನ್ನು ಬಿಟ್ಟುಹೋಗಿದ್ದರು. ಇತ್ತ ಬ್ರಿಟನ್ನಿನಲ್ಲಿ 2025ರ ಜೂನ್‌ಗೆ ಮುಗಿದ ವರ್ಷದಲ್ಲಿ ನಿವ್ವಳ ವಲಸೆ 2 ಲಕ್ಷದ ಆಸುಪಾಸಿಗೆ ಇಳಿದಿತ್ತು. ರಿಫಾರ್ಮ್ ಮಾತ್ರ ಸಮೀಕ್ಷೆಗಳಲ್ಲಿ ಮುಂದೆಯೇ ಇತ್ತು. ಅಂಕಿ ಇಳಿದರೂ ನಂಬಿಕೆ ವಾಪಸ್ ಬರಲಿಲ್ಲ.

ಸೆಪ್ಟೆಂಬರ್‌ನಲ್ಲಿ ಫರಾಜ್ ಇನ್ನೊಂದು ಹೆಜ್ಜೆ ಮುಂದಿಟ್ಟಿದ್ದರು. ಅಧಿಕಾರಕ್ಕೆ ಬಂದರೆ ಶಾಶ್ವತವಾಗಿ ನೆಲೆಸುವ ಅನುಮತಿಯನ್ನೇ ರದ್ದು ಮಾಡುತ್ತೇವೆ ಎಂದರು. ಎರಡು ತಿಂಗಳ ನಂತರ ಲೇಬರ್ ಮುಂದಿಟ್ಟ ಪ್ರಸ್ತಾವದಲ್ಲಿ ಆ ಅನುಮತಿಗೆ ಕಾಯಬೇಕಾದ ಅವಧಿ ಸಾಮಾನ್ಯವಾಗಿ 5 ವರ್ಷದಿಂದ 10 ವರ್ಷಕ್ಕೆ ಏರಿತು. ಕೇರ್ ವರ್ಕರ್‌ಗಳಂಥವರಿಗೆ 15 ವರ್ಷ. ಈಗಾಗಲೇ ಅಲ್ಲಿ ದುಡಿಯುತ್ತಿರುವವರಿಗೂ ಇದು ಅನ್ವಯಿಸಬೇಕೆಂಬುದು ಪ್ರಸ್ತಾವ. ಅವರಲ್ಲಿ ಭಾರತದಿಂದ ಹೋದವರ ಸಂಖ್ಯೆ ದೊಡ್ಡದು. ಇವರು ಯಾರೂ ದೋಣಿಯಲ್ಲಿ ಹೋದವರಲ್ಲ. ಜನ ಸಾಲುತ್ತಿಲ್ಲ, ಬನ್ನಿ ಎಂದು 2022ರಲ್ಲಿ ಬ್ರಿಟನ್ ಸರ್ಕಾರವೇ ವೀಸಾ ಕೊಟ್ಟು ಕರೆಸಿಕೊಂಡವರು. ಐದು ವರ್ಷ ದುಡಿದರೆ ಇಲ್ಲೇ ನೆಲೆಸಬಹುದು ಎಂಬ ನಿಯಮವನ್ನು ನಂಬಿ ಹೊರಟವರು.