ಚರ್ಮ ಕೆಂಪಾಗಿಸುವ ಬಿಸಿಲಿನ ಮಾಪಕ: ಕ್ಯಾಲಿಬ್ರೇಷನ್‌ಗೆ ಒಂದೇ ಗುಣಕ ಏಕೆ ಸಾಲದು

ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳೆಲ್ಲವೂ ಚರ್ಮಕ್ಕೆ ಒಂದೇ ಪ್ರಮಾಣದಲ್ಲಿ ತಾಗುವುದಿಲ್ಲ. ಯಾವ ತರಂಗದೂರದ ಕಿರಣ ಚರ್ಮವನ್ನು ಎಷ್ಟು ಕೆಂಪಾಗಿಸುತ್ತದೆ ಎಂಬುದನ್ನು ಹೇಳುವ ರೇಖೆಗೆ ಕ್ರಿಯಾ ರೋಹಿತ ಎಂದು ಹೆಸರು. ಮೆಕಿನ್ಲೆ ಮತ್ತು ಡಿಫಿ 1987ರಲ್ಲಿ ಮಂಡಿಸಿದ, ಬೆಳಕಿನ ಮಾನದಂಡಗಳನ್ನು ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆ ಸಿಐಇ ಅಂಗೀಕರಿಸಿದ ರೇಖೆಯಲ್ಲಿ 298 ನ್ಯಾನೊಮೀಟರ್‌ವರೆಗೆ ತೂಕ, ಅಂದರೆ ಕೆಂಪಾಗಿಸುವ ಸಾಪೇಕ್ಷ ಶಕ್ತಿ, 1. ಅದು 308ರಲ್ಲಿ ಸುಮಾರು 0.115ಕ್ಕೆ, 328ರಲ್ಲಿ 0.0015ಕ್ಕೆ ಕುಸಿಯುತ್ತದೆ. ಹೀಗೆ ತೂಗಿದ ಒಟ್ಟು ವಿಕಿರಣವನ್ನು ಚದರ ಮೀಟರಿಗೆ ಇಷ್ಟು ವ್ಯಾಟ್ ಎಂದು ಬರೆದು 40ರಿಂದ ಗುಣಿಸಿದರೆ ಯುವಿ ಸೂಚ್ಯಂಕ ಸಿಗುತ್ತದೆ.

ಬ್ರಾಡ್‌ಬ್ಯಾಂಡ್ ಮಾಪಕವು, ಅಂದರೆ ಹಲವು ತರಂಗದೂರಗಳ ಬೆಳಕನ್ನು ಒಟ್ಟಾಗಿ ಒಂದೇ ಓದಾಗಿ ತೋರಿಸುವ ಉಪಕರಣವು, ಫಿಲ್ಟರುಗಳ ನೆರವಿನಿಂದ ಈ ರೇಖೆಯನ್ನು ಅನುಕರಿಸಲು ಯತ್ನಿಸುತ್ತದೆ. ಅನುಕರಣೆ ಎಂದೂ ಪೂರ್ಣವಾಗುವುದಿಲ್ಲ, ತೊಡಕೆಲ್ಲ ಅಲ್ಲಿಂದಲೇ ಶುರುವಾಗುತ್ತದೆ.

ನನಗೆ ಬಹಳ ಹೊತ್ತು ಅರ್ಥವಾಗದೆ ಉಳಿದದ್ದು ಇದು: ನಂಬಿಕಸ್ಥ ಉಪಕರಣವೊಂದರ ಪಕ್ಕದಲ್ಲಿಟ್ಟು ಮಾಪಕದ ಓದನ್ನು ನಿಜವಾದ ಮೌಲ್ಯಕ್ಕೆ ತರುವ ಗುಣಕವನ್ನು ಒಮ್ಮೆ ಕಂಡುಕೊಂಡ ಮೇಲೆ ಅದೇ ಗುಣಕವನ್ನು ಎಂದೆಂದಿಗೂ ಬಳಸಬಾರದೇಕೆ? ಬಿಸಿಲಿನಲ್ಲಿ ಎರಡೇ ತರಂಗದೂರಗಳಿವೆ ಎಂದುಕೊಂಡು ಲೆಕ್ಕ ಹಾಕಿದಾಗಲೇ ನನಗೆ ಉತ್ತರ ಹೊಳೆಯಿತು. ನಮ್ಮ ಮಾಪಕ 308ರಲ್ಲಿ ಸರಿಯಾಗಿ 0.115 ತೂಕ ಕೊಡುತ್ತದೆ, ಆದರೆ 328ರಲ್ಲಿ 0.0015ರ ಬದಲು 0.003 ಕೊಡುತ್ತದೆ ಎಂದಿಟ್ಟುಕೊಳ್ಳಿ. ಮಧ್ಯಾಹ್ನ 308ರಲ್ಲಿ 100 ಘಟಕ, 328ರಲ್ಲಿ 500 ಘಟಕ ಬೆಳಕಿದ್ದರೆ ನಿಜವಾದ ಮೌಲ್ಯ 11.5 ಕೂಡಿಸು 0.75, ಅಂದರೆ 12.25, ಮಾಪಕ ತೋರಿಸುವುದು 13. ಗುಣಕ 0.942. ಸಂಜೆ ಕಿರಣಗಳು ಓಝೋನ್ ಪದರವನ್ನು ಓರೆಯಾಗಿ, ಹೆಚ್ಚು ದೂರ ಹಾದು ಬರುವುದರಿಂದ 308ರ ಬೆಳಕು 328ರದ್ದಕ್ಕಿಂತ ಬಹಳ ಹೆಚ್ಚಿನ ಪಾಲು ಸೋಸಿಹೋಗುತ್ತದೆ. 308ರಲ್ಲಿ 2, 328ರಲ್ಲಿ 100 ಉಳಿಯಿತೆನ್ನೋಣ. ಈಗ ನಿಜ 0.38, ಮಾಪಕದ್ದು 0.53. ಮಧ್ಯಾಹ್ನದ ಗುಣಕವನ್ನೇ ಹಾಕಿದರೆ 0.50 ಬರುತ್ತದೆ, ಅಂದರೆ ಸುಮಾರು 31 ಶೇಕಡಾ ಹೆಚ್ಚು. ಮಾಪಕ ಕೆಟ್ಟಿಲ್ಲ, ಬದಲಾದದ್ದು ಆಕಾಶ. ಗುಣಕವು ಮಾಪಕ ಮತ್ತು ಅದರ ಮೇಲೆ ಬೀಳುವ ಬೆಳಕಿನ ರೋಹಿತ (ಯಾವ ತರಂಗದೂರದಲ್ಲಿ ಎಷ್ಟು ಬೆಳಕಿದೆ ಎಂಬ ಹಂಚಿಕೆ) ಎರಡಕ್ಕೂ ಸೇರಿದ್ದು, ಮಾಪಕ ಒಂದಕ್ಕೇ ಅಲ್ಲ.

ಪ್ರಯೋಗಾಲಯದ 1000 ವ್ಯಾಟ್ ಹ್ಯಾಲೊಜೆನ್ ದೀಪದ ಮುಂದೆ ಇಂಥ ಮಾಪಕವನ್ನಿಟ್ಟು ನೇರವಾಗಿ ಗುಣಕ ತೆಗೆಯಬಾರದೆಂಬುದಕ್ಕೂ ಇದೇ ಕಾರಣ: ಆ ದೀಪದ ರೋಹಿತದಲ್ಲಿ ಬಿಸಿಲಿನಲ್ಲಿರುವಂತೆ ಓಝೋನ್ ಸೋಸಿ ಕಿರು ತರಂಗದೂರದ ಬೆಳಕು ಥಟ್ಟನೆ ಕುಸಿಯುವ ಅಂಚೇ ಇಲ್ಲ.

ಆದ್ದರಿಂದ ಕೆಲಸವನ್ನು ಭಾಗ ಮಾಡುತ್ತಾರೆ. ಮೊದಲು ಪ್ರಯೋಗಾಲಯದಲ್ಲಿ ಮೊನೊಕ್ರೊಮೇಟರಿನಿಂದ ಒಂದೊಂದೇ ತರಂಗದೂರದ ಬೆಳಕನ್ನು ಬಿಟ್ಟು ಮಾಪಕದ ನಿಜವಾದ ಸ್ಪಂದನ ರೇಖೆಯನ್ನು ಅಳೆಯುತ್ತಾರೆ. ಓರೆ ಬೆಳಕಿಗೆ ಅದು ಕೊಸೈನ್ ನಿಯಮದಂತೆ (ಬೆಳಕು ಓರೆಯಾದಷ್ಟೂ ಓದು ಕೋನದ ಕೊಸೈನ್‌ಗೆ ತಕ್ಕಂತೆ ಕುಗ್ಗಬೇಕು) ಸ್ಪಂದಿಸುತ್ತದೆಯೇ ಎಂದೂ ನೋಡುತ್ತಾರೆ. ಬಳಿಕ ಸೂರ್ಯನ ಬೇರೆ ಬೇರೆ ಖಮಧ್ಯ ಕೋನ (ನೆತ್ತಿಯಿಂದ ಸೂರ್ಯ ಎಷ್ಟು ವಾಲಿದ್ದಾನೆ ಎಂಬುದು) ಮತ್ತು ಓಝೋನ್ ಪ್ರಮಾಣಗಳಿಗೆ ಬಿಸಿಲಿನ ರೋಹಿತವನ್ನು ಲೆಕ್ಕಹಾಕಿ, ಮೇಲೆ ಎರಡು ತರಂಗದೂರಗಳಿಗೆ ಮಾಡಿದ ಲೆಕ್ಕವನ್ನೇ ಇಡೀ ರೋಹಿತಕ್ಕೆ ಮಾಡಿ, ಒಂದು ತಿದ್ದುಪಡಿ ಕೋಷ್ಟಕವನ್ನು ತಯಾರಿಸುತ್ತಾರೆ. 40 ಡಿಗ್ರಿ ಕೋನ, 300 ಡಾಬ್ಸನ್ ಯೂನಿಟ್ (ತಲೆಯ ಮೇಲಿನ ಒಟ್ಟು ಓಝೋನ್ ಅಳೆಯುವ ಮಾನ) ಓಝೋನ್ ಇರುವಲ್ಲಿ ಕೋಷ್ಟಕದ ಮೌಲ್ಯ 1 ಆಗುವಂತೆ ಹೊಂದಿಸುವುದು ರೂಢಿ. ನಮ್ಮ ಉದಾಹರಣೆಯಲ್ಲಿ ಮಧ್ಯಾಹ್ನವನ್ನು 1 ಎಂದಿಟ್ಟರೆ ಸಂಜೆಯದು 0.76, ಅದರಿಂದ ಗುಣಿಸಿದೊಡನೆ 0.50 ಇದ್ದದ್ದು 0.38ಕ್ಕೆ ಬಂದು ನಿಲ್ಲುತ್ತದೆ. ಬೆಂಗಳೂರಿನಂಥ ಉಷ್ಣವಲಯದ ಊರಿನ ಮೇಲೆ ಓಝೋನ್ ಸಾಮಾನ್ಯವಾಗಿ 300ಕ್ಕಿಂತ ಕಡಿಮೆ ಇರುವುದರಿಂದ ಇಲ್ಲಿ ಅಳೆಯುವವರು ನೆತ್ತಿಯ ಬಿಸಿಲಿನಲ್ಲೂ ಈ ಕೋಷ್ಟಕವನ್ನು ಬಿಡುವಂತಿಲ್ಲ.

ಕೊನೆಗೆ ಉಳಿಯುವುದು ಒಟ್ಟಾರೆ ಪ್ರಮಾಣವನ್ನು ಸರಿಪಡಿಸುವ ಗುಣಕ. ಅದನ್ನು ಬಯಲಿನಲ್ಲಿ, ಪ್ರತಿ ತರಂಗದೂರದ ಬೆಳಕನ್ನೂ ಬೇರೆಯಾಗಿ ಅಳೆಯುವ ಸ್ಪೆಕ್ಟ್ರೋರೇಡಿಯೋಮೀಟರಿನ ಪಕ್ಕದಲ್ಲೇ ಕಂಡುಕೊಳ್ಳಬೇಕು. ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿರುವ ಪಿಎಂಒಡಿ ಎಂಬ ವಿಕಿರಣ ಮಾಪನ ಸಂಸ್ಥೆಯಲ್ಲಿ 2006ರಲ್ಲಿ ನಡೆದ ಹೋಲಿಕೆ ಶಿಬಿರದಲ್ಲಿ ಹಲವು ದೇಶಗಳ ಮಾಪಕಗಳನ್ನು ಹೀಗೆಯೇ ಒಟ್ಟಿಗಿಟ್ಟು, ಊರೂರಿಗೆ ಒಯ್ಯಬಲ್ಲ ಕ್ವಾಸುಮೆ ಎಂಬ ಸ್ಪೆಕ್ಟ್ರೋರೇಡಿಯೋಮೀಟರಿನೊಂದಿಗೆ ಹೋಲಿಸಿದರು.

ಅಳೆಯುವಾಗ ಮಾಪಕದ ಓದಿನಿಂದ ಮೊದಲು ಕತ್ತಲೆಯ ಓದನ್ನು, ಅಂದರೆ ಬೆಳಕೇ ಇಲ್ಲದಾಗಲೂ ಅದು ತೋರಿಸುವ ಮೌಲ್ಯವನ್ನು, ಕಳೆಯಬೇಕು, ಆಮೇಲೆ ಗುಣಕ, ಕೋಷ್ಟಕದ ಮೌಲ್ಯ ಮತ್ತು ಕೊಸೈನ್ ತಿದ್ದುಪಡಿಗಳಿಂದ ಗುಣಿಸಬೇಕು. ಸಂಜೆಯ ಓದು ಚಿಕ್ಕದಾದ್ದರಿಂದ ಕತ್ತಲೆಯ ಓದನ್ನು ಮರೆತರೆ ಆಗುವ ತಪ್ಪು ಆಗಲೇ ಹೆಚ್ಚು. ಹಾಗೆಯೇ, ಮಾಪಕದೊಳಗಿನ ಸಿಲಿಕಾ ಜೆಲ್ ಹರಳುಗಳು ಬಣ್ಣ ಬದಲಿಸಿದ್ದರೆ ಒಳಗೆ ತೇವ ಸೇರಿದೆ ಎಂದರ್ಥ. ತೇವದಿಂದ ಮಾಪಕದ ಸ್ಪಂದನವೇ ಬದಲಾಗಬಹುದಾದ್ದರಿಂದ ಹರಳುಗಳನ್ನು ಬದಲಿಸಿದ ಬಳಿಕವಷ್ಟೇ ಓದನ್ನು ಬರೆದುಕೊಳ್ಳಬೇಕು.