ಮೈನಸ್ ಎಲ್‌ಎಂ ಎಲ್ಲಿ ಹಾಕಬೇಕು? ಒಂದು ಹಳೇ ಎರರ್‌ನ ಹಿನ್ನೆಲೆ

ಮೊದಲ ವರ್ಷದ ಸಿ ಲ್ಯಾಬ್. ವರ್ಗ ಸಮೀಕರಣದ ಮೂಲ ಹುಡುಕುವ ಪ್ರೋಗ್ರಾಂ. ಕೋಡ್ ಸರಿ ಇದೆ, ಮೇಲೆ ಗಣಿತದ ಹೆಡರ್ ಫೈಲ್ ಮ್ಯಾಥ್ ಡಾಟ್ ಎಚ್ ಕೂಡ ಇದೆ. ಆದರೂ ಲಿನಕ್ಸ್‌ನ ಒಂದು ರೂಪವಾದ ಉಬುಂಟುವಿನಲ್ಲಿ ‘ಅನ್‌ಡಿಫೈನ್ಡ್ ರೆಫರೆನ್ಸ್ ಟು ಎಸ್‌ಕ್ಯೂಆರ್‌ಟಿ’ ಅಂತ, ಅಂದರೆ ವರ್ಗಮೂಲದ ಫಂಕ್ಷನ್ ಸಿಗಲಿಲ್ಲ ಅಂತ, ಎರರ್ ಬರುತ್ತದೆ. ‘ಮೈನಸ್ ಎಲ್‌ಎಂ ಹಾಕು’ ಅಂತಾರೆ ಪಕ್ಕದವರು. ಅದು ಕಂಪೈಲ್ ಕಮಾಂಡಿನಲ್ಲಿ ಗಣಿತದ ಲೈಬ್ರರಿಯನ್ನು ಸೇರಿಸುವ ಆಪ್ಷನ್ (-lm). ಹಾಕಿದರೂ ಅದೇ ಎರರ್. ಯಾಕೆಂದರೆ ಅದನ್ನು ಫೈಲ್ ಹೆಸರಿಗಿಂತ ಮೊದಲು ಹಾಕಿರುತ್ತಾರೆ.

ಈ ಗೋಜಲು 1970ರ ದಶಕದ ಯುನಿಕ್ಸ್‌ನಿಂದ ಬಂದದ್ದು. ಆಗಿನ ಯಂತ್ರಗಳಲ್ಲಿ ಮೆಮೊರಿ ತುಂಬ ಕಡಿಮೆ. ಗಣಿತದ ಫಂಕ್ಷನ್‌ಗಳು ಬೇರೆ ಲೈಬ್ರರಿಯಲ್ಲಿ, ಅಂದರೆ ಸಿದ್ಧ ಫಂಕ್ಷನ್‌ಗಳ ಬೇರೆ ಕಟ್ಟಿನಲ್ಲಿ, ಇದ್ದವು. ಬೇಕಾದವರು ಕೇಳಿ ಸೇರಿಸಿಕೊಳ್ಳಬೇಕಿತ್ತು. 1987ರಲ್ಲಿ ಜಿಸಿಸಿ ಎಂಬ ಕಂಪೈಲರ್ ಬಂತು, ಆಮೇಲೆ ಲಿನಕ್ಸ್ ಬಂತು, ಪದ್ಧತಿ ಮಾತ್ರ ಹಾಗೇ ಉಳಿಯಿತು.

ನಮ್ಮಲ್ಲಿ ಬಹಳ ಜನ ಸಿ ಕಲಿತದ್ದು ಟರ್ಬೊ ಸಿ ಎಂಬ ಹಳೇ ಕಂಪೈಲರ್ ಮೇಲೆ. ಅಲ್ಲಿ ಈ ತಂಟೆಯೇ ಇರಲಿಲ್ಲ. ವಿಂಡೋಸ್‌ಗಾಗಿ ಇರುವ ಜಿಸಿಸಿ ರೂಪ ಮಿನ್‌ಜಿಡಬ್ಲ್ಯೂನಲ್ಲೂ ಇಲ್ಲ. ಮನೆಯಲ್ಲಿ ಓಡಿದ ಪ್ರೋಗ್ರಾಂ ಲ್ಯಾಬಿನಲ್ಲಿ ಬಿದ್ದರೆ ವಿದ್ಯಾರ್ಥಿ ತನ್ನದೇ ತಪ್ಪು ಅಂದುಕೊಳ್ಳುವುದು ಸಹಜ ಅಲ್ವಾ?

ಒಳಗೆ ನಡೆಯುವುದಿಷ್ಟು. ಹೆಡರ್ ಫೈಲ್ ‘ಇಂಥ ಫಂಕ್ಷನ್ ಇದೆ’ ಅಂತ ಕಂಪೈಲರ್‌ಗೆ ಹೇಳುತ್ತದೆ, ಫಂಕ್ಷನ್ನನ್ನು ತಂದುಕೊಡುವುದಿಲ್ಲ. ತರುವ ಕೆಲಸ, ಕೊನೆಯಲ್ಲಿ ತುಣುಕುಗಳನ್ನೆಲ್ಲ ಜೋಡಿಸುವ ಲಿಂಕರ್‌ನದು. ಅದು ಕಮಾಂಡನ್ನು ಎಡದಿಂದ ಬಲಕ್ಕೆ ಓದುತ್ತದೆ. ಸಿಗದ ಹೆಸರುಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡು, ಲೈಬ್ರರಿ ಎದುರಾದಾಗ ಚೀಟಿ ನೋಡಿ ಬೇಕಾದ್ದನ್ನು ಎತ್ತಿಕೊಳ್ಳುತ್ತದೆ. ಚೀಟಿ ಖಾಲಿ ಇರುವಾಗಲೇ ಲೈಬ್ರರಿ ಎಂಬ ಅಂಗಡಿ ದಾಟಿದರೆ ಮತ್ತೆ ಹಿಂದೆ ಬರುವುದಿಲ್ಲ.

ಹಾಗಾದರೆ ಮೊದಲು ಹೇಗೆ ಬರೆದರೂ ನಡೆಯುತ್ತಿತ್ತಲ್ಲ? ಹೌದು, ನಡೆಯುತ್ತಿತ್ತು. ಪ್ರೋಗ್ರಾಂ ಒಳಗೇ ನಕಲಾಗುವ ಸ್ಟ್ಯಾಟಿಕ್ ಲೈಬ್ರರಿಗೆ ಈ ಕ್ರಮ ಯಾವತ್ತೂ ಮುಖ್ಯ. ಆದರೆ ಪ್ರೋಗ್ರಾಂ ಓಡುವಾಗ ಲೋಡ್ ಆಗುವ ಶೇರ್ಡ್ ಲೈಬ್ರರಿಯ ಹೆಸರು ಎಲ್ಲಿ ಕಂಡರೂ, ಬೇಕೋ ಬೇಡವೋ ನೋಡದೆ, ಲಿಂಕರ್ ಅದನ್ನು ಸೇರಿಸಿಕೊಳ್ಳುತ್ತಿತ್ತು. 2011ರ ಅಕ್ಟೋಬರ್‌ನಲ್ಲಿ ಬಂದ ಉಬುಂಟು 11.10 ‘ಆ್ಯಸ್ ನೀಡೆಡ್’ ಎಂಬ ಆಪ್ಷನ್ನನ್ನು ತಾನಾಗೇ ಆನ್ ಮಾಡಿತು. ಆ ಹೊತ್ತಿಗೆ ಬೇಡವಾದ ಲೈಬ್ರರಿಯನ್ನು ಬಿಟ್ಟುಬಿಡು ಎಂಬುದು ಅದರ ಅರ್ಥ. ಸುಮ್ನೆ ಲೈಬ್ರರಿಗಳು ಲೋಡ್ ಆಗುವುದು ತಪ್ಪಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ಲಿನಕ್ಸ್‌ನ ಇನ್ನೊಂದು ರೂಪವಾದ ಡೆಬಿಯನ್ ಹಾಗೆ ಮಾಡಲಿಲ್ಲ. ಅದೇ ಕಮಾಂಡ್ ಒಂದು ಯಂತ್ರದಲ್ಲಿ ಪಾಸ್, ಇನ್ನೊಂದರಲ್ಲಿ ಫೇಲ್.

ಇದಕ್ಕಿಂತ ಜಾಸ್ತಿ ತಲೆ ತಿನ್ನುವುದು ಇನ್ನೊಂದಿದೆ. ಕೋಡಿನಲ್ಲಿ ನೇರವಾಗಿ 4.0ರ ವರ್ಗಮೂಲ ಕೇಳಿ ನೋಡಿ. ಮೈನಸ್ ಎಲ್‌ಎಂ ಇಲ್ಲದೆಯೂ ಓಡುತ್ತದೆ, ಏಕೆಂದರೆ ಜಿಸಿಸಿ ಕಂಪೈಲ್ ಮಾಡುವಾಗಲೇ ಉತ್ತರ 2 ಅಂತ ಬರೆದುಬಿಡುತ್ತದೆ. ಅದೇ ಸಂಖ್ಯೆಯನ್ನು ಓಡುವಾಗ ಕೀಬೋರ್ಡಿನಿಂದ, ಸ್ಕ್ಯಾನ್‌ಎಫ್ ಮೂಲಕ ತೆಗೆದುಕೊಳ್ಳಿ, ಎರರ್ ಹಾಜರ್. ಬೋರ್ಡಿನ ಉದಾಹರಣೆ ಓಡಿ, ಪರೀಕ್ಷೆಯ ಪ್ರೋಗ್ರಾಂ ಓಡದಿರುವುದಕ್ಕೆ ಇದೂ ಒಂದು ಕಾರಣ.

ಆಪ್ಷನ್ ಹೆಸರನ್ನೇ ತಪ್ಪು ಬರೆದರೆ ಈಗಿನ ಜಿಸಿಸಿ ‘ಇದನ್ನು ಹೇಳಿದಿರಾ?’ ಅಂತ ಕೇಳುತ್ತದೆ. ಜಾಗ ತಪ್ಪಿದರೆ ಮಾತ್ರ ಅಂಥ ಸುಳಿವಿಲ್ಲ. ಹೊಸಬರು ಸೋಲುವ ಜಾಗದಲ್ಲೇ ಆ ಒಂದು ಸಾಲು ಬೇಕಿತ್ತು.

2021ರಲ್ಲಿ ಲಿನಕ್ಸ್‌ನ ಸಿ ಲೈಬ್ರರಿಯಾದ ಜಿಲಿಬ್‌ಸಿಯ 2.34 ಆವೃತ್ತಿ, ಹೀಗೇ ಬೇರೆಯಾಗಿದ್ದ ಥ್ರೆಡ್ ಲೈಬ್ರರಿಯನ್ನು ಮುಖ್ಯ ಸಿ ಲೈಬ್ರರಿಯೊಳಗೇ ಸೇರಿಸಿತು. ಗಣಿತದ್ದು ಈಗಲೂ ಬೇರೆ. ಆದ್ದರಿಂದ ಮೊದಲು ಫೈಲ್ ಹೆಸರು ಬರೆಯಿರಿ, ಮೈನಸ್ ಎಲ್‌ಎಂ ಸಾಲಿನ ಕೊನೆಯಲ್ಲಿ ಇರಲಿ.